ಯಾರ ಲೆಕ್ಕದ ಐದು ಸಾವಿರ

ಆಕಾಶಕ್ಕೆ ಎಲ್ಲೆಯಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಆ ಬಲ್ಲವರಲ್ಲಿ ಯಾರೊಬ್ಬರೂ ಹೊಸಕೋಟೆಯ ಮೇಲಿನ ಆಕಾಶದಲ್ಲಿ ನೌಕರಿ ಮಾಡಿದವರಲ್ಲ. ಅಲ್ಲಿ ಎಲ್ಲೆಯಿತ್ತು, ಬದುವಿತ್ತು, ಬದುವಿನ ಮೇಲೆ ಎರಡು ಕಚೇರಿಗಳ ಹಕ್ಕುಬಾಧ್ಯತೆಯೂ ಇತ್ತು. ದಕ್ಷಿಣದ ಪಾಲು ಬೆಂಗಳೂರಿನ ಪೂರ್ವದ ಅಂಚಿನಲ್ಲಿದ್ದ ವಿಮಾನ ನಿಲ್ದಾಣದ್ದು. ಉತ್ತರದ ಪಾಲು ದೊಡ್ಡಬಳ್ಳಾಪುರದಿಂದ ತೂಬಗೆರೆಗೆ ಹೋಗುವ ಕಡೆ ಇದ್ದ, ಈಗ ಗುರುತೂ ಉಳಿಯದ, ಒಂದು ವಿಮಾನ ತರಬೇತಿ ಮೈದಾನದ್ದು. ಹೊಸಕೋಟೆ ಊರು ಈ ವಿಭಾಗಪತ್ರದ ಸುದ್ದಿಯೇ ತಿಳಿಯದೆ ಕೆಳಗೆ ತರಕಾರಿ ಮಾರಿಕೊಂಡು, ಹಾಲು ಕರೆದುಕೊಂಡು ಇತ್ತು.

ನನ್ನ ಕೆಲಸ ಆ ಬದುವಿನ ಮೇಲೆ. ಊರಿನಿಂದ ಹೊರಗೆ, ರಾಗಿ ಹೊಲಗಳ ನಡುವೆ ಒಂದು ದಿಬ್ಬ; ದಿಬ್ಬದ ಮೇಲೆ ಉದ್ದನೆಯ ಕಬ್ಬಿಣದ ಕಂಬ; ಕಂಬದ ಬುಡದಲ್ಲಿ ತಾರಸಿಯ ಒಂದು ಕೋಣೆ. ಆ ಕೋಣೆಯ ರೇಡಿಯೋ ಆಪರೇಟರ್ ನಾನು. ಕಂಬ ಬಿಡುವಿಲ್ಲದೆ ರೇಡಿಯೋ ಅಲೆಯಲ್ಲಿ ತನ್ನ ಹೆಸರಿನ ಎರಡಕ್ಷರ ಹೇಳುತ್ತಿತ್ತು. ಮೇಲಿನ ವಿಮಾನಗಳ ಯಂತ್ರದ ಮುಳ್ಳು ಅದನ್ನು ಕೇಳಿ ಇತ್ತ ತಿರುಗುತ್ತಿತ್ತು. ಮೋಡ ಕವಿದ ದಿನ, ಇಳಿಯಲು ಅಪ್ಪಣೆ ಸಿಗದ ವಿಮಾನಗಳು ಆ ಕಂಬದ ನೆತ್ತಿಯ ಮೇಲೆ ಸುತ್ತು ಹೊಡೆಯುತ್ತ, ನಡುವೆ ಸಾವಿರ ಅಡಿ ಬಿಟ್ಟು, ಒಂದರ ಮೇಲೊಂದು ಕಾಯುತ್ತಿದ್ದವು. ರೇಷನ್ ಅಂಗಡಿಯ ಸಾಲಿಗೂ ಈ ಸಾಲಿಗೂ ಇದ್ದ ವ್ಯತ್ಯಾಸ ಒಂದೇ: ಇಲ್ಲಿ ನಿಂತರೆ ಬೀಳುತ್ತಿದ್ದರು.

ಕಂಬದ ಬಗ್ಗೆ ಸುತ್ತಲಿನವರಿಗೆ ತಮ್ಮದೇ ಅಭಿಪ್ರಾಯವಿತ್ತು. ಪಕ್ಕದ ಹೊಲದ ಗೌಡರು ಒಂದು ಸಲ ಬಾಗಿಲಿಗೆ ಬಂದು ನಿಂತರು.

"ಸ್ವಾಮಿ, ನಿಮ್ ಕಂಬ ಮೋಡಾನೆಲ್ಲ ಕೋಲಾರದ ಕಡೆ ತಳ್ತದಂತೆ. ಎರಡು ದಿವ್ಸ ಆಫ್ ಮಾಡ್ರಪ್ಪ, ರಾಗಿ ಬಿತ್ಕೊತೀವಿ."

"ಅದು ಬರೀ ತನ್ನ ಹೆಸರು ಹೇಳ್ತದೆ ಗೌಡ್ರೇ. ಬೇರೇನೂ ಮಾಡಲ್ಲ."

"ನಮ್ಮ ಪಂಚಾಯ್ತಿ ಚೇರ್ಮನ್ನೂ ಅಷ್ಟೇ ಮಾಡೋದು. ಆದ್ರೂ ಊರು ಕೆಟ್ಟಿಲ್ವಾ?"

ಇದಕ್ಕೆ ಇಲಾಖೆಯ ಕೈಪಿಡಿಯಲ್ಲಿ ಉತ್ತರವಿರಲಿಲ್ಲ.

ಎರಡು ಪಾಲಿನ ಆಕಾಶ ಕಾಯಲು ಎರಡೂ ಕಡೆ ಪಾಳಿಯ ಮೇಲೆ ಹಲವು ಕಂಟ್ರೋಲರುಗಳಿದ್ದರು. ನಾನು ಹೇಳುತ್ತಿರುವುದು ಇಬ್ಬರ ಮಾತು. ಪೂರ್ವದ ನಿಲ್ದಾಣದಲ್ಲಿದ್ದವರು ಹೊಸಕೋಟೆಯವರು, ನಮ್ಮ ಬೀದಿಯವರೇ. ವಯಸ್ಸಿನಲ್ಲಿ ಹಿರಿಯರು, ಮೊದಲನೇ ಬಸ್ಸಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುವವರು. ತರಬೇತಿ ಮೈದಾನದಲ್ಲಿದ್ದವರು ಚನ್ನರಾಯಪಟ್ಟಣದವರು. ಹಾಸನದ ಕಡೆಯದಲ್ಲ, ದೇವನಹಳ್ಳಿ ತಾಲ್ಲೂಕಿನ ಹೋಬಳಿ. ಈ ತಿದ್ದುಪಡಿಯನ್ನು ಆ ಊರಿನವರು ಮಾತು ಕಲಿತಂದಿನಿಂದ ಹೇಳುತ್ತಲೇ ಇರುತ್ತಾರೆ. ನಾನು ಚಿಕ್ಕದಾಗಿ ಪಟ್ಟಣದವರು ಎನ್ನುತ್ತೇನೆ. ಇಬ್ಬರೂ ಒಕ್ಕಲು ಮನೆತನದವರು. ಇಬ್ಬರ ತಂದೆಯರೂ ನೇಗಿಲು ಹಿಡಿದಿದ್ದರು, ಮಕ್ಕಳು ಮೈಕು ಹಿಡಿದಿದ್ದರು.

ರಾಡಾರ್ ಆಗ ನಮ್ಮ ಪಾಲಿಗೆ ಬಂದಿರಲಿಲ್ಲ. ಯಾವ ವಿಮಾನ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂಬುದನ್ನು ಪೈಲಟ್ ಬಾಯಿಬಿಟ್ಟು ಹೇಳಬೇಕು. ಕಂಟ್ರೋಲರು ಅದನ್ನು ಕಾಗದದ ಪಟ್ಟಿಯ ಮೇಲೆ ಬರೆದು ಮುಂದಿನ ಹಲಗೆಯಲ್ಲಿ ಮೇಲೆ ಕೆಳಗೆ ಜೋಡಿಸಬೇಕು. ಪಕ್ಕದ ನಿಲ್ದಾಣಕ್ಕೆ ತಿಳಿಸಬೇಕು, ಅವರು ಅದನ್ನು ತಿರುಗಿ ಹೇಳಬೇಕು. ತಿರುಗಿ ಹೇಳದಿದ್ದರೆ ಮೊದಲು ಹೇಳಿದ್ದೂ ಹೇಳಿದಂತಲ್ಲ. ಆಕಾಶವೆಂಬುದು ಕೊನೆಗೆ ನಾಲ್ಕು ಜನರ ಬಾಯಿಮಾತಿನ ಮೇಲೆ ನಿಂತಿತ್ತು. ಹಾಗೆ ನಿಂತಿದೆ ಎಂಬುದು ಪ್ರಯಾಣಿಕರಿಗೆ ತಿಳಿದಿರಲಿಲ್ಲವಾದ್ದರಿಂದ ಅವರು ನೆಮ್ಮದಿಯಾಗಿ ಪೆಪ್ಪರಮೆಂಟು ಚೀಪುತ್ತಿದ್ದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಎತ್ತರ ಎಂದರೆ ಎಲ್ಲಿಂದ ಎತ್ತರ? ಪೂರ್ವದ ನಿಲ್ದಾಣ ಎತ್ತರವನ್ನು ಸಮುದ್ರಮಟ್ಟದಿಂದ ಅಳೆಯುತ್ತಿತ್ತು. ತರಬೇತಿ ಮೈದಾನದಲ್ಲಿ ಹಾಗಲ್ಲ. ಕಲಿಯುವ ಹುಡುಗರಿಗೆ ನೆಲ ಎಷ್ಟು ದೂರ ಎಂಬುದೇ ಮುಖ್ಯ; ಆದ್ದರಿಂದ ಏರುವ ಮೊದಲು ಎತ್ತರ ತೋರಿಸುವ ಮುಳ್ಳನ್ನು ಮೈದಾನದ ಮೇಲೆಯೇ ಸೊನ್ನೆಗೆ ತಿರುಗಿಸಿಕೊಳ್ಳುತ್ತಿದ್ದರು. ನಮ್ಮ ಸೀಮೆಯ ನೆಲವೇ ಸಮುದ್ರದಿಂದ ಮೂರು ಸಾವಿರ ಅಡಿ ಮೇಲಿದೆ. ಹೀಗಾಗಿ ತರಬೇತಿಯ ಹುಡುಗ ಐದು ಸಾವಿರ ಎಂದರೆ ಪೂರ್ವದವರ ಲೆಕ್ಕದಲ್ಲಿ ಅದು ಎಂಟು ಸಾವಿರ. ಒಂದೇ ಜಾಗ, ಎರಡು ಅಂಕೆ. ಪಕ್ಕದ ನಿಲ್ದಾಣಕ್ಕೆ ಹೇಳುವಾಗ ಸಮುದ್ರದ ಲೆಕ್ಕಕ್ಕೆ ತಿರುಗಿಸಿ ಹೇಳಬೇಕೆಂದು ನಿಯಮವಿತ್ತು. ಸಮುದ್ರವನ್ನು ಕಣ್ಣಾರೆ ಕಂಡವರು ಎರಡೂ ಕಚೇರಿಗಳಲ್ಲಿ ವಿರಳವಾಗಿದ್ದರೂ ನಿಯಮ ನಡೆಯುತ್ತಿತ್ತು.

ನಡೆಯುತ್ತಿದ್ದ ರೀತಿ ಚೆಂದ. ಎರಡು ನಿಲ್ದಾಣಗಳ ನಡುವಿನ ನೇರ ಟೆಲಿಫೋನ್ ತಂತಿ ನನ್ನ ಕೋಣೆಯ ಮೂಲಕ ಹಾದುಹೋಗುತ್ತಿತ್ತು. ತಂತಿ ಜೀವಂತವಿದೆಯೇ ಎಂದು ಆಗಾಗ ಕಿವಿಗೊಟ್ಟು ನೋಡುವುದು ನನ್ನ ಕರ್ತವ್ಯ. ಈ ಕರ್ತವ್ಯವನ್ನು ನಾನು ಅಗತ್ಯಕ್ಕಿಂತ ಹೆಚ್ಚು ನಿಷ್ಠೆಯಿಂದ ಮಾಡುತ್ತಿದ್ದೆ.

"ಅಣ್ಣ, ನಮ್ಮ ಹುಡ್ಗ ಒಬ್ಬ ಐದರಲ್ಲವ್ನೆ. ನಮ್ಮ ಲೆಕ್ಕದ್ದು. ನಿಮ್ದು ಎಂಟು," ಎನ್ನುವರು ಪಟ್ಟಣದವರು.

"ನಿಮ್ಮ ಐದು, ನಮ್ಮ ಎಂಟು. ಸರಿ. ಊಟ ಆಯ್ತಾ?"

"ಆಯ್ತು. ಅಲ್ಲ ಅಣ್ಣ, ನಮ್ಮ ತಮ್ಮಂಗೊಂದು ಹೆಣ್ಣು ನೋಡ್ತಾ ಇದೀವಿ."

"ತಡಿಯಪ್ಪ, ಒಂದು ಡಕೋಟ ಇಳಿಸ್ತೀನಿ." ಸ್ವಲ್ಪ ಹೊತ್ತಿನ ಮೇಲೆ, "ಹ್ಞಾ, ಏನಂದೆ? ಹೆಣ್ಣಾ? ನಮ್ಮನೇಲೇ ಒಂದದಲ್ಲಯ್ಯ. ಭಾನುವಾರ ಬಂದು ನೋಡ್ಕೊಂಡ್ ಹೋಗಿ."

ಹೊಸಕೋಟೆಯವರ ಮಗಳಿಗೂ ಪಟ್ಟಣದವರ ತಮ್ಮನಿಗೂ ಸಂಬಂಧ ಕುದುರಿದ್ದು ಹೀಗೆ, ಆ ತಂತಿಯ ಮೇಲೆ. ಮದುವೆ ಹೊಸಕೋಟೆಯಲ್ಲಿ ಹೆಣ್ಣಿನ ಮನೆಯ ಮುಂದಿನ ಚಪ್ಪರದಲ್ಲಿ ನಡೆಯಿತು. ನಾನು ಬಡಿಸಲು ನಿಂತಿದ್ದೆ. ಆದ್ದರಿಂದ ಮುಂದಿನದಕ್ಕೆ ನಾನು ಪ್ರತ್ಯಕ್ಷ ಸಾಕ್ಷಿ. ಪಟ್ಟಣದವರಿಗೆ ತಂದೆ ಇರಲಿಲ್ಲ. ಗಂಡಿನ ಅಣ್ಣನಾಗಿ ಅವರೇ ಮನೆಯ ಯಜಮಾನರು. ಬೆಳಗಿನ ಪಾಳಿ ಮುಗಿಸಿ ಬರುವಷ್ಟರಲ್ಲಿ ತಡವಾಯಿತು. ಹೊಸಕೋಟೆಯವರ ಕಚೇರಿಯಿಂದ ಬಂದ ಸಾಹೇಬರುಗಳಿಗೆ ಮಧ್ಯಾಹ್ನದ ಪಾಳಿಗೆ ಹೋಗುವ ಅವಸರ. ಅವರನ್ನು ಮೊದಲ ಪಂಕ್ತಿಗೆ ಕೂರಿಸಿಬಿಟ್ಟರು. ಗಂಡಿನ ಕಡೆಯ ಯಜಮಾನರು ಬಂದು ನೋಡಿದರೆ ಎಲೆಗಳೆಲ್ಲ ಭರ್ತಿ.

"ಕೂತ್ಕೊಳಿ ಬೀಗ್ರೇ, ಈಗ ಎದ್ಬುಡ್ತಾರೆ," ಎಂದರು ಹೊಸಕೋಟೆಯವರು.

"ಏಳಿಸ್ಬೇಡಿ ಪಾಪ. ದೊಡ್ಡೋರು ಉಣ್ಣಲಿ," ಎಂದು ಪಟ್ಟಣದವರು ತೊಟ್ಟಿಯ ಬಳಿ ಹೋಗಿ, ಉಣ್ಣದ ಕೈಯನ್ನು ತೊಳೆದುಕೊಂಡು, ಟವೆಲಿಗೆ ಒರೆಸಿಕೊಂಡು ಬಸ್ಸು ಹತ್ತಿದರು.

ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಹುಡುಗ ಹುಡುಗಿ ಬಲು ಅನ್ಯೋನ್ಯವಾಗಿ ಸಂಸಾರ ಮಾಡುತ್ತಿದ್ದರು. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ನಮ್ಮ ಕಡೆ ಮಾತು ಬಿಡುವುದು ಬಾಯಿ ಮುಚ್ಚಿಕೊಂಡಿರುವಂಥ ಸುಲಭದ ಕೆಲಸವಲ್ಲ. ಅದಕ್ಕೊಂದು ಶಾಸ್ತ್ರವಿದೆ. ಮಾತು ಬಿಟ್ಟವರು ಒಂದೇ ಕಟ್ಟೆಯ ಮೇಲೆ ಕೂರಬಹುದು, ಒಂದೇ ಬಾವಿಯ ನೀರು ಸೇದಬಹುದು. ಹೇಳಲೇಬೇಕಾದ್ದಿದ್ದರೆ ನಡುವೆ ಯಾರಾದರೂ ಮೂರನೆಯವರಿಗೆ ಹೇಳಬೇಕು. ಯಾರೂ ಸಿಗದಿದ್ದರೆ ದನಕ್ಕೋ ಕಂಬಕ್ಕೋ ಹೇಳಬೇಕು. "ಲೇ ಕಂಬ, ನೀರು ಈ ಕಡೆ ಹರೀತಾ ಅದೆ, ಬದು ಕಟ್ಕೊಳ್ಳೋಕೆ ಹೇಳು." ಕಂಬ ಹೇಳುವುದಿಲ್ಲ, ಕೇಳಬೇಕಾದವರಿಗೆ ಕೇಳಿಸಿರುತ್ತದೆ. ಆದರೆ ಎದುರಿನವರನ್ನು ನೇರವಾಗಿ 'ನೀವು', 'ನಿಮ್ಮ' ಎಂದು ಮಾತ್ರ ಅನ್ನಕೂಡದು. ಅಂದರೆ ಮಾತಾಡಿಸಿದಂತೆ. ಮೊದಲು ಮಾತಾಡಿಸಿದವರು ಸೋತಂತೆ.

ಇನ್ನು ಸರ್ಕಾರಿ ಕೆಲಸ? ಅದಕ್ಕೂ ಇಬ್ಬರೂ ದಾರಿ ಕಂಡುಕೊಂಡರು. ತಂತಿಯ ಮೇಲೆ ಪುಸ್ತಕದ ಇಂಗ್ಲಿಷಿನಲ್ಲಿ ಮಾತ್ರ ವ್ಯವಹರಿಸತೊಡಗಿದರು. ಇಂಗ್ಲಿಷಿನ ದೊಡ್ಡ ಉಪಕಾರವೆಂದರೆ ಅದರಲ್ಲಿ ಬೀಗರಿಲ್ಲ. ಅಲ್ಲಿ ಆಡಿದ್ದನ್ನು ಮಾತೆಂದು ಎರಡೂ ಮನೆಯವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಒಬ್ಬರು ಎತ್ತರ ಹೇಳುವರು, ಇನ್ನೊಬ್ಬರು ತಿರುಗಿ ಹೇಳುವರು, ಫೋನು ಕೆಳಗಿಡುವರು. ಕೇಳಿದ ಯಾವ ಇನ್ಸ್‌ಪೆಕ್ಟರೂ ಮೆಚ್ಚುವಷ್ಟು ಶುದ್ಧ. ಅಷ್ಟು ಶುದ್ಧಿಯಲ್ಲಿ ಒಂದು ಸಣ್ಣ ಪದ ಬಿದ್ದುಹೋಗಿತ್ತು. 'ನಮ್ಮ ಲೆಕ್ಕ, ನಿಮ್ಮ ಲೆಕ್ಕ' ಎಂಬುದು ಪುಸ್ತಕದಲ್ಲಿರಲಿಲ್ಲ. ಇಂಗ್ಲಿಷಿನಲ್ಲೇ ಆದರೂ 'ನಿಮ್ಮ' ಎಂದರೆ ಎದುರಿಗೊಬ್ಬ ಮನುಷ್ಯನಿದ್ದಾನೆಂದು ಒಪ್ಪಿದಂತಾಗುತ್ತಿತ್ತು. ಪಟ್ಟಣದವರು ಮನಸ್ಸಿನಲ್ಲೇ ಮೂರು ಸಾವಿರ ಕೂಡಿಸಿ ಬರೀ ಅಂಕೆ ಹೇಳುತ್ತಿದ್ದರು. ಹೊಸಕೋಟೆಯವರು ಅದನ್ನು ನಂಬುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು, ಏನೂ ಆಗಲಿಲ್ಲ. ಏನೂ ಆಗದ ಪದ್ಧತಿಯನ್ನು ಪ್ರಶ್ನಿಸುವ ಚಾಳಿ ನಮ್ಮ ಇಲಾಖೆಯಲ್ಲಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲೊಂದು ಮೇ ತಿಂಗಳು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನಂದಿಬೆಟ್ಟದ ಹಿಂದೆ ಮೋಡ ಏಳುತ್ತಿದ್ದುದು ಕಾಣಿಸಿತು. ತಟ್ಟೆ ತೊಳೆಯುವಷ್ಟರಲ್ಲಿ ಬೆಟ್ಟವೇ ಕಾಣಿಸಲಿಲ್ಲ. ಮೋಡ ಕಪ್ಪಗಿದ್ದರೆ ಭಯವಿಲ್ಲ, ಅದು ಹಸಿರು ಮಿಶ್ರಿತ ಕಪ್ಪು. ಆಲಿಕಲ್ಲು ಹೊತ್ತ ಮೋಡದ ಬಣ್ಣ. ದೇವನಹಳ್ಳಿಯ ಕಡೆಯಿಂದ ಧೂಳು ಎದ್ದು ನಮ್ಮತ್ತ ನಡೆದು ಬರುತ್ತಿತ್ತು. ಗೌಡರು ಹೊಲದಿಂದ ಎತ್ತು ಹೊಡೆದುಕೊಂಡು ಓಡಿದರು. ಕಂಬದ ಮೇಲಿನ ಆಪಾದನೆಯನ್ನು ವಾಪಸು ಪಡೆಯಲು ಅವರಿಗೆ ಪುರಸೊತ್ತಿರಲಿಲ್ಲ.

ತಂತಿಯ ಮೇಲೆ ಎರಡೂ ಕಡೆಯ ದನಿ ಚುರುಕಾಯಿತು. ತರಬೇತಿ ಮೈದಾನದಿಂದ ಹಾರಿದ್ದ ಚಿಕ್ಕ ವಿಮಾನಗಳನ್ನು ಪಟ್ಟಣದವರು ಒಂದೊಂದಾಗಿ ಕರೆದು ಇಳಿಸಿಕೊಳ್ಳುತ್ತಿದ್ದರು. ಪೂರ್ವದ ನಿಲ್ದಾಣಕ್ಕೆ ಮದರಾಸಿನಿಂದ ಬಂದ ಎರಡು ವಿಮಾನಗಳು ನನ್ನ ಕಂಬದ ಮೇಲೆ ಸುತ್ತತೊಡಗಿದವು. ಸರಕು ತುಂಬಿದ ಡಕೋಟ ಆರು ಸಾವಿರದಲ್ಲಿ. ಪ್ರಯಾಣಿಕರ ಫೋಕರ್ ಎಂಟು ಸಾವಿರದಲ್ಲಿ. ಗಾಳಿ ಎತ್ತಿ ಎಸೆಯುವ ದಿನವಾದ್ದರಿಂದ ನಡುವಿನ ಏಳನ್ನು ಹೊಸಕೋಟೆಯವರು ಖಾಲಿ ಬಿಟ್ಟಿದ್ದರು. ಆರಕ್ಕಿಂತ ಕೆಳಗಿನದು ಇಳಿಯುವವರ ದಾರಿ. ಅಲ್ಲಿ ಯಾರೂ ಕಾಯುವಂತಿರಲಿಲ್ಲ. ಇವೆಲ್ಲ ಸಮುದ್ರದ ಲೆಕ್ಕ.

ಆಮೇಲೆ ತಂತಿ ಸತ್ತಿತು. ದಾರಿಯಲ್ಲೆಲ್ಲೋ ಮರ ಬಿದ್ದಿರಬೇಕು.

ಅಂಥ ಹೊತ್ತಿಗೆಂದೇ ನನ್ನ ಕೋಣೆಯಲ್ಲಿ ಎರಡು ರೇಡಿಯೋ ಪೆಟ್ಟಿಗೆಗಳಿದ್ದವು. ಒಂದು ಪೂರ್ವದ ನಿಲ್ದಾಣದ ಅಲೆಗೆ, ಒಂದು ತರಬೇತಿ ಮೈದಾನದ ಅಲೆಗೆ. ಅವರಿಬ್ಬರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ನನಗೆ ಇಬ್ಬರದೂ ಕೇಳಿಸುವುದು. ತಂತಿ ಹೋದಾಗ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಅಕ್ಷರ ಬಿಡದೆ ದಾಟಿಸಬೇಕೆಂದು ನಿಯಮ. ಎಡಗಿವಿಗೆ ಹೊಸಕೋಟೆಯವರನ್ನೂ ಬಲಗಿವಿಗೆ ಪಟ್ಟಣದವರನ್ನೂ ಹಿಡಿದು ಕೂತೆ. ಮಾತು ಬಿಟ್ಟ ಬೀಗರಿಗೆ ಕೊನೆಗೂ ಸರ್ಕಾರದ ಖರ್ಚಿನಲ್ಲಿ ಒಂದು ಕಂಬ ಸಿಕ್ಕಿತ್ತು. ನಡುವೆ ನಾನಿದ್ದುದರಿಂದ ಇಂಗ್ಲಿಷಿನ ಅಗತ್ಯವೂ ಇರಲಿಲ್ಲ.

"ಕೇಳಪ್ಪ," ಎಂದರು ಪಟ್ಟಣದವರು. ಅವರ ದನಿಯ ಹಿಂದೆ ತಗಡಿನ ಮೇಲೆ ಕಲ್ಲು ಸುರಿದಂಥ ಸದ್ದು. "ಇಲ್ಲಿ ಆಲಿಕಲ್ಲು ಬೀಳ್ತಾ ಅದೆ, ಮೈದಾನ ಕಾಣಿಸ್ತಾ ಇಲ್ಲ. ಎಲ್ಲಾರ್ನೂ ಇಳಿಸ್ಕೊಂಡಿದೀನಿ, ಒಬ್ಬ ಉಳಿದ್ಬಿಟ್ಟವ್ನೆ. ಒಂಟಿಯಾಗಿ ಹೋದೋನು. ನಮ್ಮೂರ್ ಕಡೆ ಇದ್ದ, ಮೋಡ ಅಡ್ಡ ಬಂತು. ದಕ್ಷಿಣಕ್ಕೆ ತಿರುಗು ಅಂದಿದೀನಿ. ಹೊಸಕೋಟೆ ಮೇಲಕ್ಕೆ ಬರ್ತಾವ್ನೆ. ಐದು ಸಾವಿರ. ಆ ಕಡೆ ಇಳಿಸ್ಕೊಳ್ಳೋಕಾಗ್ತದಾ ಕೇಳು. ಎಣ್ಣೆ ಜಾಸ್ತಿ ಇಲ್ಲ ಅವನತ್ರ."

ನಾನು ದಾಟಿಸಿದೆ. ಒಬ್ಬನೇ ಹಾರುತ್ತಿರುವ ವಿದ್ಯಾರ್ಥಿ, ಐದು ಸಾವಿರ, ಹೊಸಕೋಟೆಯತ್ತ, ಎಣ್ಣೆ ಕಡಿಮೆ, ಅವನ ಮೈದಾನ ಮುಚ್ಚಿದೆ, ಇಳಿಸಿಕೊಳ್ಳಬಹುದೇ.

"ಐದು ಸಾವಿರ," ಎಂದು ಹೊಸಕೋಟೆಯವರು ತಿರುಗಿ ಹೇಳಿದರು. ಅವರ ಹಲಗೆಯ ಮೇಲೆ ಐದು ಸಾವಿರ ಎಂಬುದು ಡಕೋಟಕ್ಕಿಂತ ಕೆಳಗೆ, ಖಾಲಿ ಜಾಗ. "ಬರ್ಲಿ ಅಂತ ಹೇಳು. ಮಳೆ ಇಲ್ಲಿಗೂ ಬರ್ತಾ ಅದೆ, ಬೇಗ ಬರ್ಲಿ."

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಎರಡೂ ಕಡೆ ಹೇಳಿಯಾಗಿತ್ತು, ತಿರುಗಿ ಹೇಳಿಯೂ ಆಗಿತ್ತು. ನಿಯಮ ಪೂರ್ತಿಯಾಗಿತ್ತು.

ಅಷ್ಟರಲ್ಲಿ ಬಲಗಿವಿಯಲ್ಲಿ ವಿದ್ಯಾರ್ಥಿಯ ದನಿ ಬಂತು. ಹತ್ತಿರವಾದ್ದರಿಂದ ಅವನಿಗೆ ಈಗ ತನ್ನ ಮೈದಾನಕ್ಕಿಂತ ನನ್ನ ಕೋಣೆ ಚೆನ್ನಾಗಿ ಕೇಳಿಸುತ್ತಿತ್ತು. ಸುತ್ತಲೂ ಮೋಡ, ಏನೂ ಕಾಣುತ್ತಿಲ್ಲ, ರೆಕ್ಕೆಯ ತುದಿಯೂ ಕಾಣುತ್ತಿಲ್ಲ ಎಂದ. ಪ್ರತಿ ವಾಕ್ಯಕ್ಕೂ ಸರ್ ಸೇರಿಸುತ್ತಿದ್ದ. ತಾನು ಹೆದರಿರುವುದನ್ನು ಮರೆಮಾಡಲು ನಿಧಾನವಾಗಿ ಮಾತಾಡುತ್ತಿದ್ದ. ಅಷ್ಟು ನಿಧಾನವಾಗಿ ಯಾರೂ ಮಾತಾಡುವುದಿಲ್ಲ. ಅದನ್ನೂ ನಾನು ಎಡಗಡೆಗೆ ದಾಟಿಸಿದೆ.

ಹೊಸಕೋಟೆಯವರು ಕೇಳಿದರು, "ಮೋಡದಲ್ಲವ್ನೆ ಅಂದೆಯಾ?"

"ಹೌದು. ಏನೂ ಕಾಣ್ತಿಲ್ವಂತೆ."

"ಡಕೋಟ ಆರರಲ್ಲದೆ. ಅದು ಮೋಡದ ಕೆಳಗದೆ. ಹೊಸಕೋಟೆ ಕೆರೆ ಕಾಣ್ತಾ ಅದೆ ಅಂತ ಈಗ ತಾನೆ ಅಂದ. ಆರರಲ್ಲಿರೋನಿಗೆ ಕೆರೆ ಕಾಣ್ತದೆ, ಐದರಲ್ಲಿರೋನಿಗೆ ರೆಕ್ಕೆ ಕಾಣಲ್ವಾ? ಯಾರ ಲೆಕ್ಕದ ಐದು, ಕೇಳು."

ಅದು ಹುಡುಗನ ಮೈದಾನದ ಲೆಕ್ಕದ ಐದಾಗಿದ್ದರೆ, ಅವನು ಹಾರುತ್ತಿದ್ದುದು ಎಂಟರಲ್ಲಿ. ಎಂಟರಲ್ಲಿ, ಅದೇ ಮೋಡದೊಳಗೆ, ಅದೇ ಕಂಬದ ಸುತ್ತ, ಜನ ತುಂಬಿದ ಫೋಕರ್ ಇತ್ತು.

"ಯಾರ ಲೆಕ್ಕದ ಐದು ಅಂತ ಕೇಳ್ತಾವ್ರೆ," ಎಂದೆ ಬಲಗಡೆಗೆ.

"ಏನಂತೆ?" ಪಟ್ಟಣದವರ ದನಿ ಏರಿತು. ಇಡೀ ಮಧ್ಯಾಹ್ನ ಒಬ್ಬೊಬ್ಬರನ್ನೇ ಮೋಡದ ಬಾಯಿಂದ ಎಳೆದು ಇಳಿಸಿದ್ದ ಮನುಷ್ಯ. "ನನಗೆ ಲೆಕ್ಕ ಕಲ್ಸೋಕೆ ಇದೇನಾ ಹೊತ್ತು? ಹದಿನಾಲ್ಕು ವರ್ಷದಿಂದ ಕೂಡಿಸ್ತಾ ಬಂದಿದೀನಿ. ದೊಡ್ಡೋರಿಗೆ ಹೇಳು, ಅವ್ರ ಹಲಗೆ ಅವ್ರು ನೋಡ್ಕೊಳ್ಳಲಿ ಅಂತ."

ಕಂಬಕ್ಕೆ ಸ್ವಂತ ಬಾಯಿಲ್ಲ. ನಾನು ಅದನ್ನು ಹಾಗೆಯೇ, ದೊಡ್ಡೋರು ಎಂಬುದನ್ನೂ ಬಿಡದೆ, ಎಡಗಡೆಗೆ ಹೇಳಿದೆ. ತಾರಸಿಯ ಮೇಲೆ ದೊಡ್ಡ ಹನಿಗಳು ಬೀಳತೊಡಗಿದ್ದವು. ಮೇಲಿನಿಂದ ಫೋಕರಿನ ಭಾರವಾದ ಸದ್ದು ಬಂದು, ಸುತ್ತಿ, ದೂರವಾಯಿತು. ಅದು ದೂರವಾದ ಮೇಲೂ ಉತ್ತರದ ಕಡೆಯಿಂದ ಇನ್ನೊಂದು ಸದ್ದು ಉಳಿಯಿತು. ಹೊಲಿಗೆ ಯಂತ್ರದಂಥ ತೆಳ್ಳನೆಯ ಸದ್ದು.

"ಚಿಕ್ಕ ವಿಮಾನ ಕೇಳಿಸ್ತಾ ಅದೆ," ಎಂದೆ.

ಹೊಸಕೋಟೆಯವರು ಸಿಟ್ಟಾಗಲಿಲ್ಲ. ನನಗೆ ಪರಿಚಯವಿದ್ದ ಅವರ ದನಿಗಳಲ್ಲಿ ಯಾವುದೂ ಅಲ್ಲದ ದನಿಯಲ್ಲಿ ಹೇಳಿದರು, "ಕೇಳಪ್ಪ. ಪೂರ್ವದ ನಿಲ್ದಾಣ ಕೇಳ್ತಾ ಅದೆ ಅಂತ ಹೇಳ್ಬೇಡ. ಬೀಗ್ರು ಕೇಳ್ತಾವ್ರೆ ಅನ್ನು. ಬೀಗ್ರೇ, ನಿಮ್ಮ ಲೆಕ್ಕದ ಐದಾ, ನಮ್ಮ ಲೆಕ್ಕದ ಐದಾ, ದಯಮಾಡಿ ಹೇಳಿ. ಹಿಂಗೇ ಹೇಳು. ಒಂದು ಮಾತೂ ಬಿಡಬೇಡ."

ಎರಡು ವರ್ಷದ ಮೇಲೆ 'ನಿಮ್ಮ' ಎಂಬ ಪದ ನನ್ನ ಬಾಯಿಯಿಂದ ದಾಟಿತು. "ಬೀಗ್ರು ಕೇಳ್ತಾವ್ರೆ. ಬೀಗ್ರೇ, ನಿಮ್ಮ ಲೆಕ್ಕದ ಐದಾ, ನಮ್ಮ ಲೆಕ್ಕದ ಐದಾ, ದಯಮಾಡಿ ಹೇಳಿ ಅಂದ್ರು."

ಬಲಗಿವಿಯಲ್ಲಿ ಆಲಿಕಲ್ಲಿನ ಸದ್ದು ಮಾತ್ರ. ಅವರು ತಮ್ಮ ಮುಂದಿನ ಪಟ್ಟಿಯನ್ನು ನೋಡುತ್ತಿದ್ದಿರಬೇಕು.

"ನಮ್ದು," ಎಂದರು ಪಟ್ಟಣದವರು. "ಅವ್ನು ಹೇಳಿದ್ದನ್ನೇ ಹೇಳ್ಬಿಟ್ಟೆ. ಕೂಡಿಸಿಲ್ಲ. ನಮ್ಮ ಲೆಕ್ಕ. ನಿಮ್ದು ಎಂಟು ಬೀಗ್ರೇ. ಎಂಟು."

"ಎಂಟು," ಎಂದೆ ಎಡಗಡೆಗೆ. ಅದನ್ನು ಕಿರುಚಿದೆನೆಂದು ಆಮೇಲೆ ಹೊಸಕೋಟೆಯವರು ಹೇಳಿದರು.

ಅವರು ಕಿರುಚಲಿಲ್ಲ. ಫೋಕರಿನ ಕ್ಯಾಪ್ಟನ್ನಿಗೆ ತಕ್ಷಣ ಹತ್ತು ಸಾವಿರಕ್ಕೆ ಏರಲು ಹೇಳಿದ್ದು ಎಡಗಿವಿಯಲ್ಲಿ ಕೇಳಿಸಿತು. ಕಾರಣ ಕೇಳಿದ ಕ್ಯಾಪ್ಟನ್ನಿಗೆ, ಮೊದಲು ಏರಿ, ಕಾರಣ ಆಮೇಲೆ, ಎಂದರು. ತಲೆಯ ಮೇಲೆ ದೊಡ್ಡ ಇಂಜಿನುಗಳ ಸದ್ದು ಏರಿತು. ಚಿಕ್ಕ ಸದ್ದು ಅದರ ಕೆಳಗೆ ಎಲ್ಲೋ ಇತ್ತು. ನಾನು ಪೆಟ್ಟಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ತಾರಸಿಯನ್ನು ನೋಡುತ್ತ ಕೂತೆ. ತಾರಸಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಫೋಕರ್ ಒಂಬತ್ತು ದಾಟಿದೆ ಎಂದಿತು. ಹತ್ತು ಮುಟ್ಟಿದೆ ಎಂದಿತು. ಚಿಕ್ಕ ಸದ್ದು ಇನ್ನೂ ಇತ್ತು.

ಇನ್ನು ಉಳಿದದ್ದು ಹುಡುಗನನ್ನು ಇಳಿಸುವುದು. ಬಿರುಗಾಳಿ ಪೂರ್ವದ ನಿಲ್ದಾಣದ ಬೇಲಿಗೆ ಬರುತ್ತಿತ್ತು. ಅದು ಬಂದು ಮುಟ್ಟುವ ಮುನ್ನ ಒಂದೇ ಒಂದು ವಿಮಾನಕ್ಕೆ ವೇಳೆ ಇತ್ತು. ಸರದಿ ಡಕೋಟದ್ದು. ಅದರ ಮೇಲೆ ಫೋಕರ್, ಅದರಲ್ಲಿ ಜನ, ಜನರ ನಡುವೆ ಯಾವುದೋ ಸಮಾರಂಭದಲ್ಲಿ ದೀಪ ಹಚ್ಚಲು ಬರುತ್ತಿದ್ದ ಗಣ್ಯರೊಬ್ಬರು. ಸರದಿಯ ಕೊನೆಗೆ ಸರದಿಯಲ್ಲೇ ಇಲ್ಲದ ಒಬ್ಬ ಕಲಿಯುವ ಹುಡುಗ. ಡಕೋಟಕ್ಕೂ ಫೋಕರಿಗೂ ಮದರಾಸಿಗೆ ಹಿಂತಿರುಗುವಷ್ಟು ಎಣ್ಣೆಯಿತ್ತು. ಹುಡುಗನಿಗೆ ಕೋಲಾರ ಮುಟ್ಟುವಷ್ಟೂ ಇರಲಿಲ್ಲ.

ಹೊಸಕೋಟೆಯವರು ಎರಡನ್ನೂ ಮದರಾಸಿಗೆ ಕಳಿಸಿದರು. ಯಾರನ್ನೂ ಕೇಳಲಿಲ್ಲ.

ಡಕೋಟ ಪೂರ್ವಕ್ಕೆ ದೂರ ಹೋಯಿತೆಂದು ಖಚಿತವಾದ ಮೇಲೆ ಹೇಳಿದರು, "ಬೀಗ್ರಿಗೆ ಹೇಳು, ಹುಡ್ಗನ್ನ ಇಳಿಸ್ತೀನಿ. ಅವನ ಲೆಕ್ಕದ ಎರಡು ಸಾವಿರಕ್ಕೆ ಇಳೀಲಿ. ನಮ್ದು ಐದು. ಕೆರೆ ಕಂಡ ತಕ್ಷಣ ಹೇಳ್ಬೇಕು."

"ನಮ್ಮ ಎರಡು, ಅವ್ರ ಐದು," ಎಂದು ಪಟ್ಟಣದವರು ತಿರುಗಿ ಹೇಳಿದರು. ಆಮೇಲೆ ಹುಡುಗನಿಗೆ ತಾವೇ ಹೇಳಲು ನೋಡಿದರು. ಅವರ ದನಿ ಅವನಿಗೆ ಮುಟ್ಟಲಿಲ್ಲ. "ನೀನೇ ಹೇಳಪ್ಪ. ನಿಧಾನಕ್ಕೆ ಹೇಳು. ಅವ್ನು ಒಳ್ಳೆ ಹುಡ್ಗ, ಹೇಳಿದ್ದು ಮಾಡ್ತಾನೆ. ಹೆದರ್ಸ್‌ಬೇಡ."

ನಾನು ಹೇಳಿದೆ. ಅವನು ತಿರುಗಿ ಹೇಳಿದ. ನಾಲ್ಕು ಸಾವಿರ ಸರ್. ಮೂರು ಸಾವಿರ ಸರ್. ನಾನು ಹೆಡ್‌ಫೋನಿನ ವೈರನ್ನು ಎಳೆಯುವಷ್ಟು ಎಳೆದು ಬಾಗಿಲಿಗೆ ಬಂದು ನಿಂತೆ. ಮಳೆಯ ಪರದೆ ದೇವನಹಳ್ಳಿ ರಸ್ತೆಯನ್ನು ನುಂಗಿ ಇತ್ತ ಬರುತ್ತಿತ್ತು. ಕೆರೆಯ ಮೇಲೆ ಮಾತ್ರ ಸೀಸದ ತಗಡಿನಂಥ ಸ್ವಲ್ಪ ಬೆಳಕಿತ್ತು. ಅಲ್ಲಿ ಮೋಡದ ಹೊಟ್ಟೆಯಿಂದ ಹಳದಿ ಬಣ್ಣದ ಒಂದು ಚಿಕ್ಕ ವಿಮಾನ, ಒಂದು ಕಡೆಗೆ ವಾಲಿಕೊಂಡು, ಹೊರಬಂತು. ನೆಟ್ಟಗಾಯಿತು.

ಕೆರೆ ಕಾಣ್ತಾ ಇದೆ ಸರ್, ಎಂದ. ಆ ಒಂದು ಸಲ ವೇಗವಾಗಿ ಹೇಳಿದ.

ಹಳೇ ಮದ್ರಾಸ್ ರಸ್ತೆಯನ್ನು ಎಡಕ್ಕೆ ಇಟ್ಟುಕೊಂಡು ಪಶ್ಚಿಮಕ್ಕೆ ಹೋಗಲು ಹೊಸಕೋಟೆಯವರು ಹೇಳಿದರು, ನಾನು ದಾಟಿಸಿದೆ. ಲಾರಿಗಳು ದೀಪ ಹಚ್ಚಿಕೊಂಡಿದ್ದವು. ಅವನಿಗೆ ದಾರಿ ಚೆನ್ನಾಗಿಯೇ ಕಂಡಿರಬೇಕು. ಮಳೆ ಅವನ ಬಾಲ ಹಿಡಿಯಲು ಓಡುತ್ತಿತ್ತು. ನಮ್ಮ ದಿಬ್ಬಕ್ಕೆ ಮಳೆ ಬಡಿದ ಮೇಲೆ ನನಗೆ ಏನೂ ಕಾಣಿಸಲಿಲ್ಲ. ಬಲಗಿವಿಯಲ್ಲಿ ಪಟ್ಟಣದವರ ಉಸಿರು ಕೇಳಿಸುತ್ತಿತ್ತು. ಮೈಕಿನ ಗುಂಡಿಯನ್ನು ಒತ್ತಿ ಹಿಡಿದದ್ದು ಅವರಿಗೆ ಮರೆತಿತ್ತು.

"ಇಳ್ದ," ಎಂದರು ಹೊಸಕೋಟೆಯವರು. "ನೆಲ ಮುಟ್ಟಿ ನಿಂತವ್ನೆ. ಹೇಳು."

ಪಟ್ಟಣದವರು ಗುಂಡಿ ಬಿಡುವವರೆಗೆ ನನ್ನ ಮಾತು ಅವರಿಗೆ ಹೋಗುವಂತಿರಲಿಲ್ಲ. ಬಿಟ್ಟಾಗ ಹೇಳಿದೆ.

"ಇಳ್ದ," ಎಂದು ಅವರು ನಿಯಮದಂತೆ ತಿರುಗಿ ಹೇಳಿದರು.

ಗಣ್ಯರು ಆ ರಾತ್ರಿ ಮದರಾಸಿನಲ್ಲೇ ಉಳಿಯಬೇಕಾಯಿತು. ಸಮಾರಂಭದ ದೀಪವನ್ನು ಇನ್ಯಾರೋ ಹಚ್ಚಿದರು, ಅದು ಹತ್ತಿತೆಂದೂ ಕೇಳಿದೆ. ಸರದಿ ಮೀರಿದ್ದೇಕೆಂದು ಹೊಸಕೋಟೆಯವರನ್ನು ಮೇಲಿನವರು ವಿವರಣೆ ಕೇಳಿದರು. ಇಳಿಸದಿದ್ದರೆ ಬೀಳುತ್ತಿದ್ದ ವಿಮಾನವನ್ನು ಮೊದಲು ಇಳಿಸಿದೆ ಎಂದು ಬರೆದುಕೊಟ್ಟರು. ಪಟ್ಟಣದವರು ಯಾರೂ ಕೇಳುವ ಮುನ್ನವೇ ತಮ್ಮ ಮೇಲಧಿಕಾರಿಯ ಮುಂದೆ ನಿಂತು, ಎತ್ತರವನ್ನು ಕೂಡಿಸದೆ ಹೇಳಿದ್ದು ತಾನೇ ಎಂದರು. ಅವರಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಆ ಹುಡುಗ ವಾರದೊಳಗೆ ಮತ್ತೆ ಹಾರುತ್ತಿದ್ದ. ಫೋಕರಿನಲ್ಲಿದ್ದವರಿಗೆ ಹವಾಮಾನ ಸರಿಯಿರಲಿಲ್ಲವೆಂದು ತಿಳಿಸಲಾಗಿತ್ತು. ಅದು ನಿಜವೂ ಆಗಿತ್ತು.

ತಂತಿ ಮೂರನೆಯ ದಿನ ಸರಿಯಾಯಿತು. ನಾನು ಕರ್ತವ್ಯನಿಷ್ಠೆಯಿಂದ ಕಿವಿಗೊಟ್ಟೆ. ಪಟ್ಟಣದವರು ಪುಸ್ತಕದ ಇಂಗ್ಲಿಷಿನಲ್ಲೇ ಹೇಳಿದರು: ವಿದ್ಯಾರ್ಥಿ ವಿಮಾನ, ನಾಲ್ಕು ಸಾವಿರ ನಮ್ಮ ಲೆಕ್ಕ, ಏಳು ಸಾವಿರ ನಿಮ್ಮ ಲೆಕ್ಕ. ಹೊಸಕೋಟೆಯವರು ಎರಡೂ ಅಂಕೆಗಳನ್ನು ಎರಡೂ ಪದಗಳೊಂದಿಗೆ ತಿರುಗಿ ಹೇಳಿದರು. ಊಟದ ಮಾತು ಬರುತ್ತದೇನೋ ಎಂದು ನಾನು ಫೋನು ಹಿಡಿದೇ ಕಾದೆ. ಇಬ್ಬರೂ ಕೆಳಗಿಟ್ಟರು.

ಇಬ್ಬರೂ ನಿವೃತ್ತರಾಗುವವರೆಗೆ ಎತ್ತರವನ್ನು ಹಾಗೆಯೇ ಹೇಳಿದರು. ಬೇರೆ ಮಾತು ಆಡಲಿಲ್ಲ.